ಅಕ್ಕಡಿ ಸಾಲಿನ ಒಂಬತ್ತನೆಯ ಕಾಳು

—ಮತ್ತೆ ಆ ಕಿರ್ ಸದ್ದು, ಬಂಡಿಯ ಎಡಗಾಲಿ ಒಂದು ಸುತ್ತು ಬಂದಾಗಲೆಲ್ಲ ಹಲ್ಲು ಕಡಿಯುತ್ತಿತ್ತು, ಲಾಲಪ್ಪನೂ ಕಡಿಯುತ್ತಿದ್ದ, ತೊಡೆಯ ಮೇಲೆ ಕಾಗದದ ಕಟ್ಟು, ಪಾಮನಕಲ್ಲೂರಿನ ಇಪ್ಪತ್ತೆರಡು ಮನೆ, ಮನೆಗೊಂದು ಹಾಳೆ, ಎದುರಿಗೆ ಬಾಬುಸಾಬ್, ಹಳ್ಳಿಯ ಬದುಕನ್ನು ಕೇಳಿ ಬರೆದುಕೊಳ್ಳಲು ಹೈದರಾಬಾದಿನಿಂದ ಬಂದ ಮುನ್ಷಿ, ಛತ್ರಿಯ ಕೆಳಗೆ ತೂಕಡಿಸುತ್ತಿದ್ದಾನೆ, ಅವನಿಗೆ ಕನ್ನಡ ಬಾರದು, ಊರವರಿಗೆ ಉರ್ದು ಬಾರದು, ನಡುವೆ ಲಾಲಪ್ಪ, ಲಿಂಗಸುಗೂರಿನ ಶಾಲೆಯಲ್ಲಿ ಉರ್ದು ತಪ್ಪಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಏಟು ತಿಂದು ನಾಲ್ಕನೇ ಜಮಾತಿಗೇ ಪಾಟಿ ಒಡೆದು ಎದ್ದು ಬಂದವನು, ಅದೇ ಉರ್ದು ಈಗ ರೊಟ್ಟಿ ಕೊಡಬೇಕು, ಹದಿನೈದು ದಿನ ನೆಟ್ಟಗೆ ಮಾಡು, ನೌಕರಿ ಕಾಯಂ ಮಾಡಿಸುತ್ತೇನೆ ಅಂದಿದ್ದಾನೆ ಬಾಬುಸಾಬ್, ಇಂದಿಗೆ ಹದಿನಾಲ್ಕು — ಇಷ್ಟೆಲ್ಲ ಕೇಳಿ ಇವರು ಏನು ಮಾಡುತ್ತಾರೆ, ಎಷ್ಟು ಎತ್ತು, ಎಷ್ಟು ಬಾಯಿ, ದಿನಕ್ಕೆ ಎಷ್ಟು ಸಲ ಊಟ, ಯಾವ ಹೊಲದಲ್ಲಿ ಯಾವ ಬೆಳೆ, ತುಂಗಭದ್ರೆಗೆ ಕಟ್ಟೆ ಕಟ್ಟುತ್ತಾರಂತೆ, ಕಾಲುವೆ ಬಂದರೆ ಯಾವ ಹೊಲ ಬಿಡಬೇಕು, ಯಾವುದಕ್ಕೆ ನೆಲ್ಲು ಹಚ್ಚಬೇಕು ಎಂದು ಈ ಹಾಳೆ ನೋಡಿಯೇ ಹೇಳುತ್ತಾರಂತೆ, ಹಾಗಾದರೆ ಅಂಬಪ್ಪನ ಹೊಲಕ್ಕೆ ಏನು ಹೇಳುತ್ತಾರೆ, ಹಾಳೆಯಲ್ಲಿ ಸಜ್ಜೆ ಅಂತ ಇದೆ, ಬರೀ ಸಜ್ಜೆ, ಮನೆಯ ಯಜಮಾನನನ್ನೇ ಕೇಳಬೇಕು ಎಂದು ಕಾಯಿದೆ, ಮುಂಜಾನೆ ಯಜಮಾನ ಅಂಬಪ್ಪ ಮನೆಮುಂದಿನ ಕಟ್ಟೆಯ ಮೇಲೆ ಕುಂತು ಸಜ್ಜಿ ರೀ ಅಂದ, ಲಾಲಪ್ಪ ಬಾಜರಾ ಸಾಬ್ ಅಂದ, ಮುಗಿಯಿತು, ಅಷ್ಟರಲ್ಲಿ ಬಾಗಿಲ ಸಂದಿಯಿಂದ ಅವನ ಹೆಂಡತಿ ಅಮರಮ್ಮ, ಸಜ್ಜಿ ಅಂದನೇನು ಇವ, ಇವಗೇನ್ ಗೊತ್ತೋ ತಮ್ಮಾ, ಎತ್ತಿನ ಬಾಲ ನೋಡ್ಕೋತ ಮುಂದ ಹೋಗಾಂವ, ಹಿಂದ ಏನ್ ಬೀಳತೈತಿ ಅಂತ ಒಂದಿನಾ ಹೊಳ್ಳಿ ನೋಡ್ಯಾನೇನು, ನನ್ನ ಅಕ್ಕಡಿ ಸಾಲಾಗ ಒಂಬತ್ತು ಅದಾವು ಬರಕೋ, ಅಂಬಪ್ಪ ಒಳಗ ಹೋಗಬೇ ಅಂತ ಗದರಿದರೂ ಅವಳು ಹೋಗಲಿಲ್ಲ, ಸೋರೆಬುರುಡೆ ಬಗ್ಗಿಸಿ ಅಂಗೈ ತುಂಬ ಬೀಜ ಸುರುವಿಕೊಂಡು ಬಂದಳು.

ಅಕ್ಕಡಿ ಅಂದರೆ ಸಜ್ಜೆಯ ಸಾಲಿನ ನಡುನಡುವೆ ಹೆಂಗಸರು ಬಿತ್ತುವ ಸಾಲು, ಅದರ ಕಾಳು ಹೆಂಗಸರದೇ, ಗಂಡಸು ಕೇಳುವಂತಿಲ್ಲ, ಕೇಳಿದವನೂ ಇಲ್ಲ, ಲಾಲಪ್ಪನೂ ಕೇಳಿಲ್ಲ, ಅವ್ವ ಇರುವತನಕ ಅವಳು ಬಡಿಸಿದ ಪಲ್ಲೆಯಲ್ಲಿ ಏನೇನಿತ್ತು, ಆ ಕಹಿ ಯಾವುದರದ್ದು, ನಾಲಿಗೆಗೆ ಗೊತ್ತು, ಹೆಸರು ಗೊತ್ತಿಲ್ಲ, ಇಪ್ಪತ್ತು ವರ್ಷ ತಿಂದು ಒಂದು ದಿನ ಕೇಳಲಿಲ್ಲ — ಅಮರಮ್ಮ ಬೆರಳಿಂದ ಒಂದೊಂದೇ ಸರಿಸಿ ಹೇಳುತ್ತ ಹೋದಳು, ತೊಗರಿ, ಹೆಸರು, ಮಡಿಕಿ, ಅಲಸಂದಿ, ಎಳ್ಳು, ಗುರೆಳ್ಳು, ಪುಂಡಿ, ಹುರುಳಿ, ಕಟ್ಟಕಡೆಗೆ ಉಳಿದದ್ದು ಒಂದು, ಕರಿದು, ಚಪ್ಪಟೆ, ಉಗುರಿನಷ್ಟೂ ಇಲ್ಲ, ಬೆವರಿಗೆ ಅಂಗೈಗೆ ಅಂಟಿಕೊಂಡಿತ್ತು, ಅವಳು ಬಾಯಿ ತೆರೆದಳು, ಆಗಲೇ ಬಾಬುಸಾಬ್ ಬೆಳೆಗೆ ಖಾನೆ ಒಂದೇ ಇದೆ, ನಡಿ ನಡಿ ಅಂದ, ಮತ್ತೆ ಲಾಲಪ್ಪ, ಲಾಲಪ್ಪನೇ, ಬೇರೆ ಯಾರೂ ಅಲ್ಲ, ಸಾಕು ಬಿಡಬೇ ಯವ್ವಾ, ಹಾಳ್ಯಾಗ ಜಾಗಾ ಇಲ್ಲ, ಅಂದ, ಬೆರಳ ಗೆಣ್ಣಿಗೆ ಹೊಡೆದ ಮಾಸ್ತರನ ದನಿಯಲ್ಲೇ ಅಂದ, ಅವಳು ಅವನ ಮುಖ ನೋಡಿದಳು, ಜಾಗಾ ಇಲ್ಲಂದ್ರ ನನ್ನ ಬಾಯಾಗ ಇರ್ಲಿ ಬಿಡು, ಮುಷ್ಟಿ ಮುಚ್ಚಿತು.

ಮೈಯೆಲ್ಲ ಉರಿ, ಯಾರ ಮೇಲೆ ಅಂತ ಗೊತ್ತಾಗದ ಉರಿ, ಕಟ್ಟು ಬಿಚ್ಚಿ ಅಂಬಪ್ಪನ ಹಾಳೆ ಎಳೆದು ಬಂಡಿಯ ಕುಲುಕಾಟದಲ್ಲೇ ಅಂಚಿನ ಉದ್ದಕ್ಕೂ ಉರ್ದುವಿನಲ್ಲಿ ಬರೆದ, ತೊಗರಿ, ಹೆಸರು, ಎಂಟೂ ಬರೆದ, ಕಣ್ಮುಂದೆ ಅವಳ ಮುಷ್ಟಿ ಮುಚ್ಚಿತು, ಅಲ್ಲಿಗೆ ಸೀಸಪೆನ್ಸಿಲು ನಿಂತಿತು, ಕರಿದು, ಚಪ್ಪಟೆ — ಬಾಬುಸಾಬ್ ಯಾವಾಗ ಎಚ್ಚರಾದನೋ, ಕನ್ನಡಕ ಏರಿಸಿ ಹಾಳೆ ನೋಡುತ್ತಿದ್ದ, ಬರೆದದ್ದಕ್ಕೆ ಗೀಟು ಹೊಡೆಯುತ್ತಾನೆ ಅಂದುಕೊಂಡರೆ ಇಲ್ಲ, ಬೆರಳಿಟ್ಟು ಎಣಿಸಿದ, ಒಂಬತ್ತು ಅಂದಳು ಅಂತ ನೀನೇ ಹೇಳಿದ್ದೆಯಲ್ಲ, ಎಂಟೇ ಇವೆ, ಅರ್ಧ ಬರೆದದ್ದನ್ನು ಮೇಲಿನವರು ನಂಬುವುದಿಲ್ಲ, ಬರೆಯುವುದಾದರೆ ಪೂರಾ ಬರೆ, ಇಲ್ಲವೇ ಅಳಿಸು, ಒಂಬತ್ತನೆಯದೇನು? ಲಾಲಪ್ಪ ಗೊತ್ತಿಲ್ಲ ಅಂದ. ನಿನ್ನ ಊರಿನ ಕಡೆಯದೇ ಅಲ್ಲವೇನೋ? ಗೊತ್ತಿಲ್ಲ ಸಾಬ್. ಬಂಡಿ ಮಸ್ಕಿಯ ಹಳ್ಳಕ್ಕೆ ಇಳಿಯುತ್ತಿತ್ತು, ಪಾಮನಕಲ್ಲೂರು ಹಿಂದೆ ಎರಡು ಹರದಾರಿ, ಬಿಸಿಲು, ಸಂಜೆ ಐದಕ್ಕೆ ಮಸ್ಕಿಯಿಂದ ಮೋಟಾರು, ಅಷ್ಟರೊಳಗೆ ಬಂದರೆ ನೀನು ನನ್ನ ಜೊತೆ, ಬರದಿದ್ದರೆ ಇದನ್ನು ಅಳಿಸಿ ಬರೀ ಸಜ್ಜೆ ಅಂತಲೇ ಇರಿಸಿ ಹೋಗುತ್ತೇನೆ, ನೀನು ನಿನ್ನ ಎಮ್ಮೆ ಕಾಯಿ, ಅಂದ, ಸಿಟ್ಟಿಲ್ಲದೆ ಅಂದ — ಲಾಲಪ್ಪನ ಕಾಲು ಆಗಲೇ ನೆಲಕ್ಕೆ ತಗಲಿತ್ತು.

ಐದರೊಳಗೆ ಹೋಗಿ ಬರಲು ಆಗುವುದಿಲ್ಲ, ಓಡಿದರೂ ಆಗುವುದಿಲ್ಲ, ಗೊತ್ತು, ಆದರೂ ಕಾಲು ಬೀಸುತ್ತಿದ್ದಾನೆ, ಮಣ್ಣು ಸುಡುತ್ತಿದೆ, ಬಾಗಿಲಲ್ಲಿ ನಿಂತು ಏನಂತ ಕೇಳುವುದು, ಯವ್ವಾ ತಪ್ಪಾತು ಅನ್ನುವುದೋ, ಹಾಳೆಗಲ್ಲ, ನನಗ ಹೇಳು ಅನ್ನುವುದೋ, ಅವಳು ಹೇಳದಿದ್ದರೆ, ಅವ್ವನ ಪಲ್ಲೆಯ ಆ ಕಹಿ ಇದರದ್ದೇ ಇದ್ದರೆ, ಹೆಜ್ಜೆಗೊಂದು ಹೆಸರು, ತೊಗರಿ, ಹೆಸರು, ಮಡಿಕಿ, ಅಲಸಂದಿ, ಎಳ್ಳು, ಗುರೆಳ್ಳು, ಪುಂಡಿ, ಹುರುಳಿ, ಒಂಬತ್ತನೆಯ ಹೆಜ್ಜೆಗೆ ಮುಷ್ಟಿ, ಮತ್ತೆ ತೊಗರಿ, ಹೆಸರು, ಮತ್ತೆ ಮುಷ್ಟಿ, ಬೆರಳ ಗೆಣ್ಣು ಬಿಳುಚಿ, ಬಿಗಿದು, ಒಳಗೆ ಬೆವರಿಗೆ ಅಂಟಿಕೊಂಡು ಕರಿದು, ಚಪ್ಪಟೆ, ಮುಷ್ಟಿ, ಮುಚ್ಚಿದ ಮುಷ್ಟಿ —