ಸೂಜಿಯ ಮೇಲೆ ಹೊರಿಸಿದ ತಪ್ಪು

ಗುರುವಾರದ ಪ್ರಾರ್ಥನೆ ಮುಗಿದರೆ ಸಾಕು, ಲೆಸೊಥೊದ ನಮ್ಮ ಬೆಟ್ಟದೂರಿನ ಹೆಂಗಸರ ಬಾಯಲ್ಲಿ ಒಂದೇ ಮಾತು: ಬಸಿರಾಗದಂತೆ ಮೂರು ತಿಂಗಳಿಗೊಮ್ಮೆ ಹಾಕುವ ಸೂಜಿಯಿಂದಲೇ ಎಚ್‌ಐವಿ ಬರುತ್ತದೆ. ಆ ಮಾತು ಹಬ್ಬಿಸಿದವಳು ನಾನೇ. ನನ್ನ ಮಗಳು ಪುಸೆಲೆಟ್ಸೊ ತಪ್ಪದೆ ಸೂಜಿ ಹಾಕಿಸಿಕೊಳ್ಳುತ್ತಿದ್ದಳು. ಏಡ್ಸ್ ಬಂದು ತೀರಿಕೊಂಡಳು. ದೇವರ ಮುಂದೆ ಅತ್ತವಳ ಮಾತೆಂದು ಎಲ್ಲರೂ ನಂಬಿದರು.

ನೆರೆಮನೆಯ ಸೊಸೆ ಲಿನೇಯೊ ಕೂಡ ನಂಬಿ ಸೂಜಿ ನಿಲ್ಲಿಸಿದಳು. ಎರಡನೆಯ ಹೆರಿಗೆಯಲ್ಲಿ ಅವಳು ಉಳಿದದ್ದೇ ಹೆಚ್ಚು. ಇನ್ನೊಂದು ಬಸಿರು ಜೀವಕ್ಕೇ ಅಪಾಯವೆಂದು ವೈದ್ಯರು ಹೇಳಿದ್ದರು. ಗಂಡ ಟ್ಸೆಲಿಸೊ ದಕ್ಷಿಣ ಆಫ್ರಿಕದ ಗಣಿಯಿಂದ ಈಸ್ಟರ್ ಹಬ್ಬಕ್ಕೆ ಬರುವವನಿದ್ದ.

ಲಿನೇಯೊ ಸೂಜಿ ನಿಲ್ಲಿಸಿದ ಸುದ್ದಿ ತಿಳಿದು ಆರೋಗ್ಯ ಕಾರ್ಯಕರ್ತೆ ಕೆನೇಲ್ವೆ ಅವಳ ಮನೆಗೆ ಬಂದಳು. ನಾನು ಅಲ್ಲೇ ಸೊಪ್ಪು ಬಿಡಿಸುತ್ತಿದ್ದೆ.

"ಏನೇ ಲಿನೇಯೊ, ಆಸ್ಪತ್ರೆ ದಾರಿ ಮರೆತುಹೋಯ್ತಾ?"

"ಸಾಯೋಕೆ ಬರ್ಬೇಕಾ ಅಕ್ಕಾ? ಈ ಅಜ್ಜಿ ಮಗಳನ್ನ ಆ ಸೂಜೀನೇ ತಿಂದ್ಹಾಕ್ತು."

ಕೆನೇಲ್ವೆ ನನ್ನ ಪಕ್ಕ ಕುಳಿತಳು. "ಅಜ್ಜಿ, ಬೈಬೇಡಿ. ಪುಸೆಲೆಟ್ಸೊ ನನಗೂ ಗೆಳತಿ. ನಮ್ಮ ಸುತ್ತಿನ ದೇಶಗಳಲ್ಲಿ ಸಾವಿರಾರು ಹೆಂಗಸರನ್ನ ಪರೀಕ್ಷಿಸಿ ನೋಡಿದಾರೆ. ಬಸಿರು ತಡೆಯೋಕೆ ಸೂಜಿ, ತೋಳಿನ ಚರ್ಮದಡಿ ಇಡೋ ಕಡ್ಡಿ, ಗರ್ಭಕೋಶದಲ್ಲಿ ಇಡೋ ತಾಮ್ರದ ವಂಕಿ, ಯಾವುದನ್ನ ಬಳಸಿದ್ರೂ ಎಚ್‌ಐವಿ ತಗುಲೋದ್ರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದ್ರೆ ಇವೆಲ್ಲ ಬಸಿರನ್ನ ತಡೀತಾವೆ, ಸೋಂಕನ್ನ ತಡಿಯಲ್ಲ. ಅದಕ್ಕೆ ಕಾಂಡೋಮ್ ಬೇಕು, ಇಬ್ಬರಿಗೂ ಪರೀಕ್ಷೆ ಬೇಕು. ಸೋಂಕು ತಗುಲದ ಹಾಗೆ ನುಂಗೋ ಮಾತ್ರೇನೂ ಇದೆ."

"ಹಾಗಾದ್ರೆ ನನ್ನ ಮಗಳು?"

"ಸೂಜಿ ಸೋಂಕನ್ನ ತಡಿಯಲ್ಲ ಅನ್ನೋ ಈ ಎರಡನೇ ಮಾತನ್ನ ಅವಳಿಗೆ ಯಾರೂ ಹೇಳಲಿಲ್ಲ ಅಜ್ಜಿ."

ಸೊಪ್ಪು ನನ್ನ ಕೈಯಲ್ಲೇ ಉಳಿಯಿತು. "ಲಿನೇಯೊ, ನಾನು ಹೇಳಿದ್ದು ತಪ್ಪು ಕಣೇ," ಎಂದೆ.

ಮರುದಿನ ಅವಳು ತೋಳಿಗೆ ಕಡ್ಡಿ ಇಡಿಸಿಕೊಂಡಳು. ಗಂಡ ಬಂದ ದಿನ ನಾನೂ ಮಾತನಾಡಿಸಲು ಹೋಗಿದ್ದೆ. ಅವನು ಹೊದ್ದ ಕಂಬಳಿ ತೆಗೆಯುವ ಮೊದಲೇ ಅವಳು ಹೇಳಿದಳು: "ಮೊದಲು ಇಬ್ಬರೂ ಹೋಗಿ ಪರೀಕ್ಷೆ ಮಾಡಿಸ್ಕೊಂಡು ಬರೋಣ."

"ನನ್ನ ಮೇಲೇ ಅನುಮಾನಾನಾ? ಯಾರೇ ನಿನ್ನ ತಲೆ ಕೆಡಿಸಿದ್ದು, ಈ ಮುದುಕೀನಾ?"

"ಗಣಿಗೆ ಇಳಿಯೋ ಮುಂಚೆ ದಿನಾ ತಲೆಗೆ ಕಟ್ಟೋ ದೀಪ ನೋಡ್ಕೋತೀಯಲ್ಲ, ಅದು ಅನುಮಾನಾನಾ? ಜೀವಂತ ಮೇಲೆ ಬರ್ಬೇಕು ಅಂತ ತಾನೇ?"

ಅವನು ಕಂಬಳಿ ಸರಿಮಾಡಿಕೊಂಡು ಅವಳ ಜೊತೆ ಆಸ್ಪತ್ರೆಗೆ ಹೊರಟ.

ಅವಳಿಗೆ ಸೋಂಕಿರಲಿಲ್ಲ. ಅವನಿಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಅವನು ಮುಖ ಮುಚ್ಚಿಕೊಂಡಾಗ ಅವಳು ಬೈಯಲಿಲ್ಲ, ಎದ್ದುಹೋಗಲಿಲ್ಲ. "ಔಷಧಿ ಇದೆ, ಇವತ್ತೇ ಶುರು ಮಾಡು. ಮಕ್ಕಳಿಗೆ ನಾವಿಬ್ಬರೂ ಬೇಕು," ಎಂದಳಂತೆ. ಈಗ ಅವನು ದಿನವೂ ಔಷಧಿ ನುಂಗುತ್ತಾನೆ, ಅವಳು ಸೋಂಕು ತಗುಲದಂತೆ ಕಾಯುವ ಮಾತ್ರೆ ನುಂಗುತ್ತಾಳೆ. ಕಾಂಡೋಮ್ ಕೂಡ ಬಿಟ್ಟಿಲ್ಲ. ಇಪ್ಪತ್ತಾರು ವರ್ಷದ ಆ ಹೆಣ್ಣಿನ ಧೈರ್ಯವನ್ನು ನೆನೆದು ನಾನು ದೇವರಿಗೆ ಕೈಮುಗಿಯುತ್ತೇನೆ.

ತಾಯಂದಿರೇ, ಬಸಿರು ತಡೆಯಲು ನಿಮಗೆ ಒಗ್ಗುವುದನ್ನು ನೀವೇ ಕೇಳಿ, ತಿಳಿದು ಆರಿಸಿಕೊಳ್ಳಿ; ಗಾಳಿಮಾತಿಗೆ ಹೆದರಿ ಬಿಡಬೇಡಿ. ಸೋಂಕಿನಿಂದ ಕಾಪಾಡಿಕೊಳ್ಳುವ ದಾರಿಯನ್ನೂ ಅದೇ ದಿನ ಕೇಳಿ. ಗಂಡನನ್ನು ಕರೆದೊಯ್ದು ಪರೀಕ್ಷೆ ಮಾಡಿಸಿ. ಕೇಳಲು ನಾಚಿಕೆಯಾದರೆ, ಮಗಳನ್ನು ಕಳೆದುಕೊಂಡ ಮುದುಕಿಯೊಬ್ಬಳು ಕಳುಹಿಸಿದಳೆಂದು ಹೇಳಿ.