ಅಪ್ಪನ ಗಾಲಿ

ನಮ್ಮೂರಿನ ಹಳೆಯ ಎಣ್ಣೆಗಾಣದ ಕಟ್ಟಡದಲ್ಲಿ ಐನೂರು ವರ್ಷದ ಹಿಂದೆ ಚಿತ್ರಕಾರ ಲಿಯೊನಾರ್ಡೊ ಚಿತ್ರ ಬರೆದಿಟ್ಟ ಯಂತ್ರಗಳ ಪುಟ್ಟ ಸಂಗ್ರಹಾಲಯವಿದೆ. ಎಲ್ಲ ಕೂಡಿ ಒಂಬತ್ತು ಮರದ ಮಾದರಿಗಳು. ಒಂಬತ್ತನ್ನೂ ಮಾಡಿದವನು ನಮ್ಮಪ್ಪ, ಬಡಗಿ ಒರೆಸ್ತೆ ಚೆಕ್ಕಿ. ಪ್ರತಿಯೊಂದಕ್ಕೂ ಹಿತ್ತಾಳೆಯ ಫಲಕವಿದೆ, ಅಪ್ಪನ ಹೆಸರು ಮಾತ್ರ ಒಂದರಲ್ಲೂ ಇಲ್ಲ. ಹಾಕಿಸಿ ಎಂದು ಅವನು ಬದುಕಿದ್ದಾಗಲೂ ಕೇಳಿದೆ, ಸತ್ತ ಮೇಲೂ ಕೇಳಿದೆ. ನಾನೂ ಬಡಗಿಯೇ, ಗಂಟು ಬಿದ್ದ ಮರಕ್ಕೆ ಹೆದರುವವಳಲ್ಲ.

ಈ ವಸಂತದಲ್ಲಿ ಹೊಸ ನಿರ್ದೇಶಕರು ಬಂದರು, ಲುದೋವಿಕೊ. ಓದಿಕೊಂಡವರೆಂದು ಎಲ್ಲರೂ ದೊತ್ತೋರೆ ಎಂದೇ ಕರೆಯುತ್ತಾರೆ. ಮಾದರಿಗಳಲ್ಲೊಂದಾದ ಯುದ್ಧದ ಬಂಡಿಯ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡಿ ಮುಖ ಸಿಂಡರಿಸಿಕೊಂಡರು. ಮೂಲ ಚಿತ್ರದಲ್ಲಿಲ್ಲದ ಹಲ್ಲಿನ ಗಾಲಿಯೊಂದು ಅಲ್ಲಿತ್ತು. ಚಿತ್ರದಲ್ಲಿರುವಂತೆಯೇ ಜೋಡಿಸಿದರೆ ಮುಂದಿನ ಗಾಲಿಗಳು ಮುಂದಕ್ಕೆ, ಹಿಂದಿನವು ಹಿಂದಕ್ಕೆ ತಿರುಗಲು ನೋಡುತ್ತವೆ, ಬಂಡಿ ನಿಂತಲ್ಲೇ ನಿಲ್ಲುತ್ತದೆ. ಅಪ್ಪ ಮೂರು ವಾರ ಊಟದ ಮೇಜಿನ ಮೇಲೂ ಅದನ್ನೇ ಇಟ್ಟುಕೊಂಡು ಕೂತು, ಕೊನೆಗೆ ಪಿಯರ್ ಮರದಲ್ಲಿ ಅಂಗೈಯಗಲದ ಗಾಲಿ ಕಡೆದು ನಡುವೆ ಸೇರಿಸಿದ್ದ. ಇಪ್ಪತ್ತಾರು ವರ್ಷ ಊರಿನ ಮಕ್ಕಳೆಲ್ಲ ಹಿಡಿಕೆ ತಿರುಗಿಸಿ ಆ ಬಂಡಿ ಓಡಿಸಿದ್ದಾರೆ.

"ಇದು ಅಪಚಾರ, ಸಿನ್ಯೋರಾ ನೆರಿನಾ," ಎಂದರು ದೊತ್ತೋರೆ. "ಅಂಥ ಮಹಾನುಭಾವನ ಕೆಲ್ಸಕ್ಕೆ ಒಬ್ಬ ಬಡಗಿ ಕೈ ಹಾಕೋದಾ? ತೆಗೆದ್ಬಿಡಿ ಅದನ್ನ."

ನನ್ನ ಮೈಯೆಲ್ಲ ಉರಿಯಿತು. ತೆಗೆದರೆ ಬಂಡಿ ಓಡುವುದಿಲ್ಲ ಎಂದು ಬಿಡಿಸಿ ಹೇಳಿದೆ. ಚಿತ್ರ ಬರೆದವನಿಗಿಂತ ನಿಮ್ಮಪ್ಪ ಜಾಣನೋ ಎಂದು ಕೇಳಿದರು. ಸರಿ, ಹಾಗೇ ಆಗಲಿ ಎಂದುಕೊಂಡೆ. ಚಿತ್ರವನ್ನು ಎದುರಿಗಿಟ್ಟುಕೊಂಡು ಕೂದಲೆಳೆಯಷ್ಟೂ ತಪ್ಪದಂತೆ ಜೋಡಿಸಿಕೊಟ್ಟೆ. ಅಪ್ಪನ ಗಾಲಿ ನನ್ನ ಏಪ್ರನ್ ಜೇಬು ಸೇರಿತು.

ದುರಸ್ತಿಗೆಂದು ಮುಚ್ಚಿದ್ದ ಸಂಗ್ರಹಾಲಯಕ್ಕೆ ಭಾನುವಾರ ಮತ್ತೆ ಬಾಗಿಲು ತೆರೆಯುವ ಸಮಾರಂಭ. ಚರ್ಚಿನ ಪೂಜೆ ಮುಗಿಸಿ ಊರಿಗೆ ಊರೇ ಬಂತು. ಎಲ್ಲರೂ ಒಳ್ಳೆಯ ಬಟ್ಟೆ ತೊಟ್ಟಿದ್ದರು, ನಾನು ಏಪ್ರನ್ ಕಟ್ಟಿಕೊಂಡೇ ಹೋಗಿದ್ದೆ. ಮೇಯರ್ ಮುಂದೆ ಬಂದು ಹಿಡಿಕೆ ಹಿಡಿದರು. ಬಂಡಿ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಇನ್ನಷ್ಟು ಬಲ ಹಾಕಿದರು, ಒಳಗೆ ಕಟಕಟ ಎಂದಿತು. ಒರೆಸ್ತೆ ಇದ್ದಾಗ ಇದು ಓಡುತ್ತಿತ್ತಲ್ಲ ಎಂದು ಹಿಂದಿನಿಂದ ಯಾರೋ ಅಂದರು. ದೊತ್ತೋರೆ ಕಿವಿಯವರೆಗೂ ಕೆಂಪಾಗಿ ನನ್ನ ಬಳಿ ಬಂದು, ಏನಾದರೂ ಮಾಡಿ ಎಂದು ಪಿಸುಗುಟ್ಟಿದರು.

ನಾನು ಗಾಲಿಯನ್ನು ಜೇಬಿನಿಂದ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದೆ.

"ಹಾಕ್ತೀನಿ ದೊತ್ತೋರೆ, ಅದೇನು ಮಹಾ ಕೆಲ್ಸ. ಆದ್ರೆ ಮೊದ್ಲು ನಮ್ಮಪ್ಪನ ಹೆಸ್ರು ಬರೀರಿ. ಅಲ್ಲೀವರ್ಗೂ ಬಂಡಿ ಚಿತ್ರದಲ್ಲಿ ಇದ್ದಂಗೇ ಇರ್ಲಿ."

ಇದೆಲ್ಲ ನಾಳೆ ಮಾತಾಡೋಣ ಎಂದರು. ಆ ನಾಳೆಯನ್ನು ನಾನು ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಅವರ ಕೈಗಿಟ್ಟೆ.

ಮೇಯರ್ ಹಿಡಿಕೆ ಬಿಟ್ಟು ಕೈಕಟ್ಟಿ ನಿಂತರು. ಒಬ್ಬರೂ ಮನೆಗೆ ಹೊರಡಲಿಲ್ಲ. ಕೊನೆಗೆ ದೊತ್ತೋರೆ ಮಂಡಿಯೂರಿ, ಫಲಕದ ಕೆಳಗಿನ ಮರದ ಮೇಲೆ ಒರೆಸ್ತೆ ಚೆಕ್ಕಿ ಎಂದು ಬರೆದರು. ತಲೆಯೆತ್ತಿ, ಸಾಕೇ ಎಂದು ಕೇಳಿದರು.

"ಇನ್ನೂ ಎಂಟಿದಾವೆ," ಎಂದೆ.