ಉತ್ತರಕ್ಕೆ ಕಾಯುವ ಭರಮಪ್ಪ

ಮನೋಳಿಯ ಭರಮಪ್ಪ ಯಾರೂ ಇಲ್ಲದ ಕಡೆಗೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಮನುಷ್ಯ. ಮಲಪ್ರಭೆಯ ಹಿನ್ನೀರಿನ ದಂಡೆಗೆ ಕಟ್ಟಿಹಾಕಿದ ಹಳೆಯ ಮೋಟಾರು ದೋಣಿಯಲ್ಲಿ, ಕರೆಂಟು ಹರಿಯುತ್ತದೆಯೇ ಎಂದು ನೋಡಲು ಎಂಜಿನ್ನಿಗೆ ಹೋಗುವ ತಂತಿಗೊಂದು ಸಣ್ಣ ಬಲ್ಬು ಸಿಕ್ಕಿಸಿ, ಮುಂದೆ ಬಂದು ಸ್ವಿಚ್ಚು ಒತ್ತಿ, “ಹತ್ತೇತೇನ?” ಎಂದು ಹಿಂದಕ್ಕೆ ಕೂಗಿ, ಕತ್ತು ಓರೆ ಮಾಡಿ ಆಲಿಸುತ್ತಾನೆ. ಆಮೇಲೆ ಎಡಗಾಲನ್ನು ತುಸು ಎಳೆಯುತ್ತ, ದೋಣಿ ಓಲಾಡದಂತೆ ಹೆಜ್ಜೆ ಅಳೆದು ನಡೆದು, ತಾನೇ ನೋಡಿ ಬರುತ್ತಾನೆ.

ಇದು ಇಬ್ಬರ ಕೆಲಸ. ಇಪ್ಪತ್ತು ವರ್ಷ ಬಲ್ಬಿನ ಪಕ್ಕದಲ್ಲಿ ಅವನ ಹೆಂಡತಿ ಮರೆವ್ವ ಕೂತಿದ್ದಳು. “ಹತ್ತೇತ್ರಿ” ಎಂದೋ “ಇಲ್ರಿ” ಎಂದೋ ಅನ್ನುವುದು ಅವಳ ಪಾಲು. ಎಣ್ಣೆ, ಹೊಗೆ ಕುಡಿದು ತಂತಿಗಳೆಲ್ಲ ಒಂದೇ ಕರಿ ಬಣ್ಣಕ್ಕೆ ತಿರುಗಿದಾಗ, ಗುರುತಿಗೆಂದು ಪ್ರತಿ ಜೋಡಣೆಗೂ ತನ್ನ ಹಳೆಯ ಸೀರೆಗಳ ತುಂಡು ಕಟ್ಟಿದವಳೂ ಅವಳೇ: ಹಾರ್ನಿಗೆ ಕೆಂಪು, ದೀಪಕ್ಕೆ ಹಸಿರು, ಸ್ಟಾರ್ಟರಿಗೆ ಚೌಕಡಿ. ಹೋದ ವರ್ಷ ಅವಳು ತೀರಿಕೊಂಡಾಗ ಮನೆಯ ಸೀರೆಗಳನ್ನೆಲ್ಲ ಬಳಗದವರು ಹಂಚಿಕೊಂಡು ಒಯ್ದರು. ಭರಮಪ್ಪನಿಗೆ ಉಳಿದದ್ದು ಈ ಚಿಂದಿಗಳು, ಮತ್ತು ಅವಳು ಕೂರುತ್ತಿದ್ದ ಆ ಹಲಗೆ.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ದೋಣಿ ಹಟ ಹಿಡಿಯಿತು. ಒಮ್ಮೆ ಸ್ಟಾರ್ಟ್ ಆದರೆ ನಾಲ್ಕು ಸಲ ಸುಮ್ಮನಿರುತ್ತಿತ್ತು. ಒಂದು ದಿನ ಜನರನ್ನು ಹೊತ್ತು ನಡುನೀರಿನಲ್ಲೇ ನಿಂತುಬಿಟ್ಟಿತು. ಶನಿವಾರದೊಳಗೆ ಸರಿಯಾಗದಿದ್ದರೆ ಗುಜರಿಗೆ ಹಾಕುವುದಾಗಿ ಮಾಲಕ ಹನುಮಪ್ಪ ಕಡ್ಡಿ ಮುರಿದಂತೆ ಹೇಳಿದ.

ಆಚೆ ದಂಡೆಯ ಶಾಲೆಗೆ ಪಾಠ ಹೇಳಲು ಆ ದೋಣಿಯಲ್ಲೇ ಹೋಗಿ ಬರುವ ನಾನು ಮೂರು ದಿನ ನೋಡಿದೆ. ಭರಮಪ್ಪ ಬ್ಯಾಟರಿ ಇಳಿಸಿದ, ಸ್ವಿಚ್ಚು ಬಿಚ್ಚಿದ, ಫ್ಯೂಜು ಬದಲಿಸಿದ; ಖಾಕಿ ಅಂಗಿಯ ತುದಿಯಿಂದ ಒಂದೊಂದು ತಿರುಪನ್ನೂ ಒರೆಸಿ ಒರೆಸಿ ಹಾಕಿದ. ಬಲ್ಬು ನೋಡಲು ನಾನು ಕೂರುತ್ತೇನೆ ಎಂದರೆ ಒಪ್ಪಲಿಲ್ಲ. ಕೊನೆಗೆ ಶುಕ್ರವಾರ ಸಂಜೆ ತಡೆಯಲಾರದೆ, ಆ ಸೀರೆ ತುಂಡಿನ ಗಂಟುಗಳ ಒಳಗೆ ನೋಡಿದ್ದೀರಾ ಎಂದು ಕೇಳಿಯೇಬಿಟ್ಟೆ. ಅವನು ಸ್ಟಾರ್ಟರಿನ ಚೌಕಡಿಯ ಗಂಟನ್ನು ಬಿಚ್ಚಿದ. ವರ್ಷಗಟ್ಟಲೆ ತೇವ ಹೀರಿದ ಬಟ್ಟೆಯ ಕೆಳಗೆ ತಾಮ್ರ ಹಸಿರುಗಟ್ಟಿ, ಮುಟ್ಟಿದರೆ ಉದುರುತ್ತಿತ್ತು.

“ಮೊದಲನೇ ದಿನಾನ ಗೊತ್ತಾಗಿತ್ರಿ ಸರ,” ಅಂದ, ತಲೆ ಎತ್ತದೆ.

ಬಿಚ್ಚಿದರೆ ಅವಳ ಗಂಟು ಹೋಗುತ್ತದೆ. ಬಿಚ್ಚದಿದ್ದರೆ ಗಂಟಿನ ಜೊತೆಗೆ ಅವಳು ಕೂತ ಜಾಗವೂ ಗುಜರಿಯ ಪಾಲು. ಭರಮಪ್ಪ ಹನ್ನೊಂದು ಗಂಟುಗಳನ್ನೂ ಒಂದೊಂದಾಗಿ ಬಿಡಿಸಿ ಕಿಸೆಗಿಟ್ಟುಕೊಂಡ. ಕೊಳೆತ ತಂತಿ ಕತ್ತರಿಸಿ, ಹೊಸದು ಬೆಸೆದು, ಟೇಪು ಸುತ್ತಿದ. ಮುಂದೆ ಹೋಗಿ ಸ್ವಿಚ್ಚು ಒತ್ತಿದ.

“ಹತ್ತೇತೇನ?”

ನನ್ನ ಮೊಣಕಾಲಿನ ಪಕ್ಕದಲ್ಲೇ ಬಲ್ಬು ಉರಿಯುತ್ತಿತ್ತು. ಉತ್ತರ ನಾಲಗೆಯ ತುದಿಗೆ ಬಂದಿತ್ತು. ಆದರೆ ಅದು ನಾನು ಕೊಡಬೇಕಾದ ಉತ್ತರವಲ್ಲ. ಭರಮಪ್ಪ ಎಂದಿನಷ್ಟೇ ಹೊತ್ತು ಕಾದ. ಕಾಲೆಳೆಯುತ್ತ ಬಂದು, ಬಗ್ಗಿ ನೋಡಿ, “ಹತ್ತೇತ್ರಿ” ಎಂದು ತನಗೆ ತಾನೇ ಮೆಲ್ಲಗೆ ಹೇಳಿಕೊಂಡ.

ರಿಪೇರಿ ಬಲ್ಲವರ ಹಣೆಬರಹವೇ ಹೀಗಿರಬೇಕು. ಕೆಟ್ಟಿದ್ದೆಲ್ಲಿ ಎಂಬುದು ಉಳಿದವರಿಗಿಂತ ಮೊದಲು ಅವರಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೂ ಗೊತ್ತಿಲ್ಲದವರಂತೆ ಮೂರು ದಿನ ಹುಡುಕುತ್ತ ಕೂರುವುದು, ಅದೊಂದೇ ಅವರು ತಮಗೆ ತಾವು ಕೊಟ್ಟುಕೊಳ್ಳುವ ರಿಯಾಯಿತಿ.